ಕೆಂಚಕ್ಕನ ಸಂಡಿಗೆ ಚೌಕ

ಒಂದಾನೊಂದು ಕಾಲದಲ್ಲಿ, ಮನೆಗೊಂದು ತಾರಸಿ ಅಂತ ಇಲ್ಲದಿದ್ದ ಕಾಲದಲ್ಲಿ, ಒಂದು ಕೋಟೆ ಪಟ್ಟಣ ಇತ್ತಂತೆ, ಅದರ ನಟ್ಟನಡುವೆ ಒಂದು ದೊಡ್ಡ ಬಯಲು. ಅಲ್ಲಿ ಕೆಂಚಕ್ಕ ಅನ್ನೋ ಒಂಟಿ ಹೆಂಗಸು ಸಂಡಿಗೆ ಒಣಗಿಸಿ, ಮಾರಿ, ಹೊಟ್ಟೆ ಹೊರೀತಿದ್ದಳಂತೆ. ಸಂದಿಗೊಂದೀಲೆಲ್ಲ ನೆರಳು, ಬಿಸಿಲು ಅಂದರೆ ಆ ಬಯಲೊಂದೇ. ಹ್ಞೂಂ ಅನ್ನೋ, ನಾನೇನು ಗೋಡೆಗೆ ಹೇಳ್ತಿದ್ದೀನಾ?

ಆಮೇಲೆ ರಾಜನಿಗೆ ವಯಸ್ಸಾಯ್ತಂತೆ. ಮೂವರು ಗಂಡುಮಕ್ಕಳನ್ನ ಕರೆದು, ಆ ಬಯಲಲ್ಲಿ ಊರು ನೆನೆಯೋ ಅಂಥ ಕೆಲಸ ಯಾರು ಮಾಡ್ತೀರೋ ಅವರಿಗೇ ಪಟ್ಟ ಅಂದನಂತೆ. ಕೆಂಚಕ್ಕನ್ನ ಒಂದು ಮಾತು ಕೇಳಿದರಾ? ಯಾರು ಕೇಳ್ತಾರೆ!

ದೊಡ್ಡವನು ಅರಮನೆ ಕಟ್ಟಿಸ್ತೀನಿ ಅಂತ ಹಗ್ಗ ಹಿಡಿದ ಆಳುಗಳ ಜೊತೆ ಬಂದನಂತೆ. ನೋಡಿದರೆ ಬಯಲ ತುಂಬ ಸಂಡಿಗೆ. ತಿನ್ನೋ ಪದಾರ್ಥ, ತುಳಿಯೋ ಹಾಗಿಲ್ಲ, ದಾಟೋ ಹಾಗಿಲ್ಲ, ರಾಜನ ಮಗ ಆದರೇನು, ಊರು ಉಗಿಯಲ್ವಾ? ಎತ್ತು ಅಂದನಂತೆ. ಹಸಿ ಹಿಟ್ಟು ಬುದ್ಧೀ, ಒಣಗಿದ ಮೇಲೆ ಬನ್ನಿ ಅಂದಳಂತೆ ಕೆಂಚಕ್ಕ. ಮೂರು ದಿನ ಬಿಟ್ಟು ಬಂದರೆ ಅಕ್ಕಪಕ್ಕದವರ ಮೆಣಸಿನಕಾಯಿ ಹರಡಿತ್ತಂತೆ. ಕೆಮ್ಮಿ ಕೆಮ್ಮಿ ವಾಪಸ್ ಹೋದ.

ಆಮೇಲೆ ನಡುವಿನವನು, ಆನೆ ಲಾಯ ಕಟ್ಟಿಸ್ತೀನಿ ಅಂತ ಆನೆ ಮೇಲೇ ಬಂದನಂತೆ. ಅವತ್ತು ಬಯಲ ತುಂಬ ಭತ್ತ ಹರಡಿತ್ತು. ಆನೆ ನಿಂತಲ್ಲೇ ಸೊಂಡಿಲು ಚಾಚಿ ತಿಂತು, ಒಂದು ಹೆಜ್ಜೆ ಮುಂದೆ ಇಟ್ಟರೆ ಕೇಳು. ಕೆಂಚಕ್ಕನಿಗೆ ರೇಗಿಹೋಯ್ತು. ಅಯ್ಯೋ ನಿಮ್ಮ ಮನೆ ಹಾಳಾಗ, ಕಾಗೆ ಕಾಟ ಸಾಲದು ಅಂತ ಇದೊಂದಾ ಅಂತ ಬೈದಳಂತೆ. ಅವನೂ ಆನೆ ತಿರುಗಿಸ್ಕೊಂಡು ವಾಪಸ್ ಹೋದ. ಏಯ್, ನಗಬೇಡ, ನಿದ್ದೆ ಹಾರಿಹೋಗುತ್ತೆ.

ಕಿರಿಯವನು ಅಪ್ಪನ ವಿಗ್ರಹ ನಿಲ್ಲಿಸೋಣ ಅಂತ ಒಬ್ಬನೇ ಬಂದನಂತೆ. ಬಾಯಿ ತೆರೆಯೋಕೆ ಮೊದಲೇ ಕೆಂಚಕ್ಕ ಕೈಗೆ ಕೋಲು ಕೊಟ್ಟು, ಸುಮ್ಮನೆ ನಿಲ್ಲೋ ಬದಲು ಕಾಗೆನಾದರೂ ಓಡಿಸಪ್ಪ ಅಂದಳಂತೆ. ಪಾಪ, ಓಡಿಸಿದ. ಸಂಜೆ ಸಂಡಿಗೆ ಎತ್ತಿದ್ದೇ ತಡ, ಮಕ್ಕಳು ಬುಗುರಿ ಆಡೋಕೆ ಬಂದರು, ಮುದುಕರು ಚೌಕಾಬಾರದ ಮನೆ ಗೀಚಿದರು, ಹೆಂಗಸರು ಮಾತಿಗೆ ಕೂತರು. ಅದನ್ನೆಲ್ಲ ನೋಡಿ, ಇಲ್ಲಿ ಏನಾದರೂ ಕಟ್ಟಿದರೆ ನೀನೆಲ್ಲಿಗೆ ಹೋಗ್ತೀಯವ್ವ ಅಂತ ಕೇಳಿದನಂತೆ. ಎಲ್ಲಿಗೆ ಹೋಗ್ಲಪ್ಪ, ನಂಗಿರೋ ಬಿಸಿಲು ಇದೊಂದೇ ಅಂದಳಂತೆ.

ಅವನು ನೇರ ಹೋಗಿ ಅಪ್ಪನಿಗೆ, ಅಲ್ಲಿ ಏನೂ ಕಟ್ಟೋದು ಬೇಡ, ನುಣ್ಣನೆ ಕಲ್ಲು ಹಾಸಿ ಊರಿಗೇ ಬಿಟ್ಟುಬಿಡೋಣ ಅಂದನಂತೆ. ಊರು ನೆನೆಯೋ ಕೆಲಸ ಇದೇ ಅಂತ ರಾಜ ಅವನಿಗೇ ಪಟ್ಟ ಕಟ್ಟಿದ. ಕಲ್ಲು ಹಾಸಿ ಮುಗಿದ ದಿನ ಹೊಸ ರಾಜ ವಾಲಗ ಊದಿಸ್ಕೊಂಡು ಬರ್ತಾನೆ, ಕಾಲಿಡೋಕೆ ಜಾಗ ಎಲ್ಲಿ? ಊರ ಹೆಂಗಸರೆಲ್ಲ ಆಗಲೇ ಹರಡಿಬಿಟ್ಟಿದ್ದಾರೆ! ಕೆಂಚಕ್ಕ ತಲೆ ಕೂಡ ಎತ್ತದೆ, ಇಷ್ಟು ದೊಡ್ಡ ರಾಜ್ಯ ಇಟ್ಕೊಂಡು ಇನ್ನೆರಡು ಸಾಲು ಕಲ್ಲು ಹಾಕಿಸೋಕೆ ಏನಾಗಿತ್ತಪ್ಪ ನಿಂಗೆ ಅಂದಳಂತೆ. ರಾಜ ನಕ್ಕು, ಚಪ್ಪಲಿ ಬಿಟ್ಟು, ಅಂಚಲ್ಲೇ ಕೂತನಂತೆ.

ಅವರ ಸಂಡಿಗೆ ಒಣಗಿತು, ನನ್ನ ಬಾಯೂ ಒಣಗಿತು, ಕತೆ ಮುಗೀತು. ಮಲ್ಕೋ ಇನ್ನಾದರೂ.