ಮಸಿಯಲ್ಲಿ ಬರೆದ ಕಣ್ಣು

“ಗುರುಗಳೇ, ನನ್ನ ಜೊತೆಯ ಶಿವಪುತ್ರನ ನಡೆನುಡಿಯನ್ನು ದಿನವೂ ತಿದ್ದುತ್ತಿದ್ದೇನೆ. ಎಷ್ಟು ತಿದ್ದಿದರೂ ಅವನ ತಪ್ಪು ಮುಗಿಯುತ್ತಿಲ್ಲ. ಇನ್ನೂ ಬಿಗಿಯಾಗಿ ತಿದ್ದಲೇ?” ಎಂದು ಶಿಷ್ಯ ಕೇಳಿದ.

“ಉಸ್ಸಪ್ಪಾ! ವಾರದಲ್ಲಿ ಇದು ಮೂರನೆಯ ಸಲ ಕೇಳುತ್ತಿದ್ದೀಯೆ. ಕುಳಿತುಕೋ,” ಎಂದು ಗುರುಗಳು ಹೇಳತೊಡಗಿದರು.

ಒಂದೂರಿನ ಗುಡಿಯ ಗೋಡೆಯ ಮೇಲೆ ದೇವಿಯ ಚಿತ್ರವಿತ್ತು. ದೀಪದ ಹೊಗೆ ಹತ್ತಿ ಹತ್ತಿ ಅದು ಕಪ್ಪಿಟ್ಟಿತ್ತು. ಅದನ್ನು ಸರಿಮಾಡಲು ಊರಿನ ವರ್ತಕ ಒಬ್ಬ ಚಿತ್ರಗಾರನನ್ನು ಕರೆಸಿದ. ಚಿತ್ರಗಾರ ಓಡೋಡಿ ಬಂದ. ತೀರಿಹೋದ ಅವನ ತಂದೆ ಬರೆದ ಚಿತ್ರ ಅದು. ತಂದೆಯ ಕೈಯ ಕೆಲಸವೆಂದು ಉಳಿದದ್ದು ಅದೊಂದೇ.

ಅವನು ಒದ್ದೆ ಹತ್ತಿಯಿಂದ ದಿನಕ್ಕೆ ಅಂಗೈಯಗಲ ಒರೆಸಿದ. ಸೀರೆಯ ಕೆಂಪು ಬಂತು, ಹಸಿರು ಬಳೆ ಬಂತು. ವರ್ತಕ ದಿನಾ ಬೆನ್ನ ಹಿಂದೆ ನಿಂತು, “ಇಲ್ಲಿ ಇನ್ನೂ ಕಪ್ಪಿದೆ, ಅಲ್ಲಿ ಇನ್ನೂ ಕಪ್ಪಿದೆ” ಎನ್ನುತ್ತಿದ್ದ. ಕೇಳಿ ಕೇಳಿ ಚಿತ್ರಗಾರನಿಗೆ ತಲೆ ಚಿಟ್ಟುಹಿಡಿಯಿತು. ಮುಖದ ಹತ್ತಿರ ಬಂದಾಗ ಅವನು ಕೈ ನಿಲ್ಲಿಸಿದ.

“ಯಾಕೆ ಬಿಟ್ಟೆ ಮಾರಾಯ? ಮುಖವೇ ಕಪ್ಪಾಗಿದ್ದರೆ ಏನು ಚಂದ?”

“ಯಜಮಾನರೇ, ಎಷ್ಟು ಸಲ ಹೇಳಲಿ! ದೀಪದ ಮಸಿಯನ್ನೇ ಅಂಟಿನಲ್ಲಿ ಅರೆದು ನಮ್ಮಪ್ಪ ಈ ಕಣ್ಣು ಬರೆದದ್ದು. ಮೇಲೆ ಕೂತದ್ದೂ ಮಸಿ, ಕಣ್ಣೂ ಮಸಿ. ಒರೆಸುವ ಬಟ್ಟೆಗೆ ಏನು ಗೊತ್ತು? ಇಷ್ಟು ಕಪ್ಪು ಇರಲಿ ಬಿಡಿ.”

ವರ್ತಕನಿಗೆ ಅದು ಸೋಮಾರಿಯ ಸಬೂಬಿನಂತೆ ಕೇಳಿಸಿತು. ಚಿತ್ರಗಾರ ಊಟಕ್ಕೆ ಹೋದದ್ದೇ ತಡ, ಬಟ್ಟೆ ಅದ್ದಿ ತಾನೇ ಒರೆಸಿದ. ಪಾಪ, ಭಕ್ತಿಯಿಂದಲೇ ಒರೆಸಿದ.

ಚಿತ್ರಗಾರ ಬಂದು ನೋಡುತ್ತಾನೆ, ಮುಖ ಲಕಲಕ ಹೊಳೆಯುತ್ತಿದೆ. ಕಣ್ಣಿಲ್ಲ. ಅವನು ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟ.

“ಅದಕ್ಕೇಕೆ ಅಳುತ್ತೀಯೋ? ಇನ್ನೊಂದು ಜೊತೆ ಕಣ್ಣು ಬರೆದರಾಯಿತು,” ಎಂದ ವರ್ತಕ.

“ಬರೆಯುತ್ತೇನೆ ಯಜಮಾನರೇ. ನಮ್ಮಪ್ಪ ಬರೆದದ್ದನ್ನು ಎಲ್ಲಿಂದ ತರಲಿ?”

ಕತೆ ಮುಗಿಯಿತು. “ಛೇ, ಎಂಥ ಮೂರ್ಖ ಆ ವರ್ತಕ!” ಎಂದ ಶಿಷ್ಯ.

ಗುರುಗಳು ಅವನನ್ನೇ ನೋಡಿ ಕೇಳಿದರು: “ಶಿವಪುತ್ರ ನಕ್ಕು ಎಷ್ಟು ದಿನವಾಯಿತು?”