ಪಾಯಪ್ಪ ಕಟ್ಟಿದ ಪಿಂಛಿ

ಬೆಳಗಾದರೆ ಪಾಯಪ್ಪನಿಗೆ ದೀಕ್ಷೆ.

ಗುರುಗಳಾದ ಜೈನ ಮುನಿಗಳು ಅವನಿಗೆ ಎರಡು ಕೆಲಸ ಹೇಳಿದ್ದರು. ನವಿಲು ತಾನಾಗಿ ಉದುರಿಸಿದ ಗರಿಗಳನ್ನು ಆಯ್ದು ಹುಳುಹುಪ್ಪಟೆಯನ್ನು ನೋಯಿಸದೆ ಸರಿಸುವ ಗರಿಕುಂಚವಾದ ಪಿಂಛಿಯನ್ನು ತಾನೇ ಕಟ್ಟಬೇಕು. ಗರಿ ಎಂದರೇನು ಎಂದು ತಿಳಿದುಕೊಂಡು ಬಂದು ಹೇಳಬೇಕು. ಒಂದು ತಪ್ಪಿದರೂ ದೀಕ್ಷೆ ಮುಂದಿನ ವರ್ಷಕ್ಕೆ. ಹೋದ ವರ್ಷವೂ ಹೀಗೇ ಮುಂದಕ್ಕೆ ಹೋಗಿತ್ತು.

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಅವನು ತಾನು ಕಟ್ಟಿದ ಪಿಂಛಿ ಹಿಡಿದು ಬಸದಿಯ ಹಿಂದಿನ ಬಂಡೆಯ ಹತ್ತಿರ ಹೋದ. ಮುನಿಗಳು ತಮ್ಮ ಸವೆದ ಪಿಂಛಿಯಿಂದ ಬಂಡೆಯ ಮೇಲಿನ ಇರುವೆಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಆಮೇಲೆ ಕುಳಿತರು.

"ನಮೋಸ್ತು ಮಹಾರಾಜ," ಎಂದು ಪಾಯಪ್ಪ ಮುನಿಗಳಿಗೆ ಕೈ ಮುಗಿದ.

"ಬಾರಪ್ಪ. ಗರಿ ಅಂದ್ರೇನು?"

ಪಾಯಪ್ಪ ಊರೆಲ್ಲ ತಿರುಗಿ ಕೇಳಿ ಕಲಿತದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ. "ಹಕ್ಕಿ ಮೈಮ್ಯಾಲಿಂದು ಗರಿ. ಬಾಣದ ಹಿಂದ ಕಟ್ಟೂದು ಗರಿ. ತೆಂಗಿಂದೂ ಗರೀನ. ಹಿರಿಯರು ಶಾಸ್ತ್ರ ಬರದದ್ದು ತಾಳೆಗರಿ ಮ್ಯಾಲ."

"ಮತ್ತ?"

"ದೊಡ್ಡ ಕೆಲಸ ಮಾಡಿದವ್ರಿಗೆ, ಕಿರೀಟಕ್ಕ ಇನ್ನೊಂದು ಗರಿ ಬಂತು ಅಂತಾರ್ರಿ."

"ಮತ್ತ?"

"ಹಪ್ಪಳ ಕರದ್ರ ಗರಿಗರಿ."

"ಉಪಾಸದ ದಿನ ಹಪ್ಪಳ ನೆನಪಾತೇನು?"

ಅವನಿಗೆ ನಗು ಬರಲಿಲ್ಲ. "ತಪ್ಪಾತೇನ್ರಿ?"

"ತಪ್ಪೇನಿಲ್ಲ. ಎಲ್ಲಾ ಖರೇನ."

"ಹಂಗಾರ ನಾಳೆ ದೀಕ್ಷೆ..."

"ಪಿಂಛಿ ಕೊಡಿಲ್ಲೆ."

ಕೊಟ್ಟ. ಮುನಿಗಳು ಅದನ್ನು ತಿರುಗಿಸಿ ನೋಡಿದರು. ತುದಿಗಳೆಲ್ಲ ಅಳೆದಿಟ್ಟ ಹಾಗೆ ಒಂದೇ ಸಮ.

"ಚೆಂದ ಕಟ್ಟೀ. ಇಷ್ಟು ಸಮ ಹೆಂಗ ಬಂತು?"

"ನಾಳೆ ಊರ ಮಂದಿಯೆಲ್ಲಾ ನೋಡತಾರ್ರಿ. ಕೆಲವು ಉದ್ದ ಇದ್ದುವು. ಕತ್ತರಿ ಆಡಿಸಿದೆ."

ಮುನಿಗಳು ಕತ್ತರಿಸಿದ ತುದಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಹತ್ರ ಬಾ. ಕಣ್ಣು ತೆರಕೊಂಡಿರು. ಮುಚ್ಚಬ್ಯಾಡ."

ಈ ಪರೀಕ್ಷೆ ಪಾಯಪ್ಪನಿಗೆ ಗೊತ್ತು. ತೆರೆದ ಕಣ್ಣಿನ ಮೇಲೆ ಆಡಿಸಿದರೂ ನೋಯಿಸದಿದ್ದರೆ ಅದು ಪಿಂಛಿ. ಅವನು ಇಲ್ಲಿಗೆ ಬಂದ ಹೊಸತರಲ್ಲಿ ಮುನಿಗಳು ತಮ್ಮದನ್ನು ಹೀಗೇ ಆಡಿಸಿದ್ದರು. ಗಾಳಿ ಸುಳಿದ ಹಾಗಿತ್ತು, ಅಷ್ಟೇ.

ಇವತ್ತು ಕಣ್ಣಿನ ಹತ್ತಿರ ಬರುತ್ತಿದ್ದದ್ದು ಅವನೇ ಕತ್ತರಿಸಿದ ತುದಿಗಳು. ಒಂದೊಂದೂ ಮುಳ್ಳಿನಂತೆ ಕಂಡಿತು. ಇನ್ನೇನು ತಾಗಬೇಕು, ಪಾಯಪ್ಪ ಗುರುಗಳ ಕೈಯನ್ನೇ ಹಿಡಿದುಬಿಟ್ಟ.

"ಬ್ಯಾಡ್ರಿ ಮಹಾರಾಜ, ಬ್ಯಾಡ. ಚುಚ್ಚತಾವು."

ಕೈ ಅಲ್ಲೇ ನಿಂತಿತು. ಹಿಡಿದದ್ದು ಯಾರ ಕೈಯೆಂದು ಅರಿವಾಗಿ ಪಾಯಪ್ಪ ಬಿಟ್ಟ. ತಲೆ ತಗ್ಗಿಸಿದ.

ಕೆಳಗೆ ಬಂಡೆಯ ಮೇಲೆ, ಆಗ ಸರಿದುಹೋಗಿದ್ದ ಇರುವೆಗಳು ಮತ್ತೆ ಸಾಲುಗಟ್ಟಿ ಬರುತ್ತಿದ್ದವು.

ಮುನಿಗಳು ಪಿಂಛಿಯ ದಾರ ಬಿಚ್ಚಿದರು. ಕತ್ತರಿ ತಾಗಿದ ಗರಿಗಳನ್ನು ಬೇರೆ ಇಟ್ಟರು. ಉಳಿದವನ್ನೂ ದಾರವನ್ನೂ ಅವನ ಮುಂದೆ ಸರಿಸಿದರು.

"ಕಟ್ಟು. ಇನ್ನೂ ಬೆಳಕೈತಿ."

"ಇವಿಷ್ಟ ಆದ್ರ ಸಣ್ಣದಾಗತೈತ್ರಿ. ಹೆಚ್ಚು ಕಡಿಮಿ ಕಾಣತೈತಿ. ಮಂದಿ ಏನಂದಾರು?"

ಮುನಿಗಳು ಇರುವೆಯ ಸಾಲನ್ನೇ ನೋಡುತ್ತಿದ್ದರು.

"ನಿನಗ ಬಾಯಿ ಐತಿ ಪಾಯಪ್ಪ. ಬ್ಯಾಡ ಅಂದಿ. ಇವು ಹೆಂಗ ಅಂದಾವು?"