ಎಡಗಾಲಿನ ಬ್ರೇಕು

"ಗುರುಗಳೇ, ನಾನು ಈ ಮಠಕ್ಕೆ ನಿಜವಾಗಿಯೂ ಬಂದಿದ್ದೇನೆಯೇ?" ಎಂದು ಮಲ್ಲಾಜಮ್ಮ ಕೇಳಿದಳು.

ಅವಳು ಬೇರೊಂದು ಮಠದಲ್ಲಿ ಬಹಳ ಕಾಲ ಇದ್ದವಳು. ಅದನ್ನು ಬಿಟ್ಟು ಈ ಗುರುಗಳ ಬಳಿಗೆ ಬಂದು ಹೊಸ ಮಂತ್ರ ಪಡೆದಿದ್ದಳು. ಹಿಂದಿನ ದಿನ ಮಠದ ಕರು ಕಲ್ಯಾಣಿಗೆ ಬಿದ್ದಿತ್ತು. ಹತ್ತಿರ ಯಾರೂ ಇರಲಿಲ್ಲ. ಅವಳೇ ನೀರಿಗಿಳಿದು, ಕರುವನ್ನು ತಬ್ಬಿ, ಮೆಟ್ಟಿಲಿಗೆ ಎಳೆದು ತಂದಳು. ಎಳೆಯುವಷ್ಟು ಹೊತ್ತೂ ಅವಳ ಬಾಯಿಗೆ ಬಂದದ್ದು ಹಳೆಯ ಮಠದ ಮಂತ್ರ.

"ನೆಮ್ಮದಿಯಾಗಿ ಕೂತಾಗ ಹೊಸ ಮಂತ್ರ ಬರುತ್ತದೆ. ಜೀವ ಬಾಯಿಗೆ ಬಂದಾಗ ಹಳೆಯದು ಬಂತು. ಹಾಗಾದರೆ ನಾನು ಯಾವ ಮಠದವಳು? ಇಲ್ಲಿಯವಳಲ್ಲ ಎಂದು ಒಂದು ಮಾತು ಹೇಳಿಬಿಡಿ, ಈಗಲೇ ಹೊರಡುತ್ತೇನೆ. ಸುಳ್ಳು ಶಿಷ್ಯೆಯಾಗಿ ಉಣ್ಣುವ ಅನ್ನ ನನಗೆ ಬೇಡ."

ಗುರುಗಳು ಅವಳ ಪಕ್ಕದಲ್ಲಿದ್ದ ಬಟ್ಟೆಗಂಟನ್ನು ನೋಡಿದರು. ಅದನ್ನು ಅವಳು ಆಗಲೇ ಬಿಗಿದು ಕಟ್ಟಿದ್ದಳು.

"ಹೊರಡುವವಳು ಒಂದು ಕತೆ ಕೇಳಿಕೊಂಡು ಹೊರಡು" ಎಂದರು.

ಒಬ್ಬ ಅಕ್ಕಿ ವ್ಯಾಪಾರಿ ಇದ್ದ. ಅವನ ಬಳಿ ಒಂದು ಹಳೆಯ ಬೈಕು ಇತ್ತು. ಆ ಕಾಲದ ಬೈಕಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೀಸೆ ಮೂಡಿದಾಗ ಹತ್ತಿದವನು, ಮೀಸೆ ನರೆತರೂ ಅದರಿಂದ ಇಳಿದಿರಲಿಲ್ಲ.

ಅವನ ಹೆಂಡತಿಗೆ ಒಂದೇ ಆಸೆ. ಬೈಕಿನಲ್ಲಿ ಹಿಂದೆ ಕೂತು, ಘಟ್ಟ ಇಳಿದು, ಸಮುದ್ರ ನೋಡಬೇಕು. ಹಳೆಯ ಬೈಕಿನಲ್ಲಿ ಅಷ್ಟು ದೂರ ಹೋದರೆ ಸೊಂಟ ಉಳಿಯುವುದಿಲ್ಲ. ವ್ಯಾಪಾರಿ ಬೇರೆ ಕಂಪನಿಯ ಒಂದು ಹೊಸ ಬೈಕು ತಂದ. ದೂರ ಪ್ರಯಾಣಕ್ಕೆಂದೇ ಮಾಡಿದ್ದು. ಅಗಲವಾದ ಸೀಟು, ಎರಡೂ ಕಡೆ ಪೆಟ್ಟಿಗೆ. ಅದರಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ.

"ಸ್ವಲ್ಪ ದಿನ ಊರೊಳಗೆ ಓಡಿಸಿ ನೋಡಿ ಸಾಹುಕಾರರೇ" ಎಂದು ಮಾರಿದವನು ಹೇಳಿದ. "ನಾನು ಬೈಕು ಓಡಿಸುವಾಗ ನೀನು ತೊಟ್ಟಿಲಲ್ಲಿದ್ದೆ" ಎಂದು ವ್ಯಾಪಾರಿ ಉತ್ತರ ಕೊಟ್ಟ.

ಬಯಲು ದಾರಿಯಲ್ಲಿ ಎಲ್ಲ ಸರಿ ಹೋಯಿತು. ಘಟ್ಟದ ಮೊದಲ ತಿರುವಿನಲ್ಲಿ ಒಂದು ಕುರಿಹಿಂಡು ರಸ್ತೆಗೆ ಬಂತು. ವ್ಯಾಪಾರಿ ಎಡಗಾಲನ್ನು ಬಲವಾಗಿ ಒತ್ತಿದ. ಬ್ರೇಕು ಇರಬೇಕಾದಲ್ಲಿ ಗೇರು ಇತ್ತು. ಎಂಜಿನ್ ಕಿರುಚಿತು. ಬೈಕು ನಿಲ್ಲಲಿಲ್ಲ. ಕುರಿಗಳನ್ನು ತಪ್ಪಿಸಲು ಹೋಗಿ ಇಬ್ಬರೂ ಚರಂಡಿಗೆ ಬಿದ್ದರು. ಹೆಂಡತಿಯ ಮೊಣಕೈ ಮುರಿಯಿತು.

ಸಮುದ್ರದ ಪ್ರಯಾಣ ಅಲ್ಲಿಗೇ ನಿಂತಿತು. ವ್ಯಾಪಾರಿ ಹೊಸ ಬೈಕಿಗೆ ಬಟ್ಟೆ ಹೊದಿಸಿ, ಮತ್ತೆ ಹಳೆಯದನ್ನು ಹತ್ತಿದ. ಆದರೆ ಆ ಬಿದ್ದ ಪೆಟ್ಟು ಅವನ ಕಾಲಿಗೆ ಬುದ್ಧಿ ಕಲಿಸಿತ್ತು. ಅಂಗಡಿಯ ಮುಂದೆ ಯಾರೋ ಅಡ್ಡ ಬಂದಾಗ ಈ ಸಲ ಬಲಗಾಲು ಒತ್ತಿತು. ಹಳೆಯ ಬೈಕಿನಲ್ಲಿ ಬಲಗಾಲಿಗೆ ಇದ್ದದ್ದು ಗೇರು. ಅವನು ಹೋಗಿ ತನ್ನದೇ ಅಕ್ಕಿ ಮೂಟೆಗೆ ಗುದ್ದಿದ. ಅಕ್ಕಿ ಬೀದಿಯ ತುಂಬ ಚೆಲ್ಲಿತು.

"ಎರಡು ದೋಣಿಯ ಮೇಲೆ ಕಾಲಿಟ್ಟವರನ್ನು ಕಂಡಿದ್ದೆ" ಎಂದ ಎದುರಿನ ಅಂಗಡಿಯವನು. "ಎರಡು ಬೈಕಿನ ಮೇಲೆ ಕಾಲಿಟ್ಟವರನ್ನು ಇವತ್ತೇ ಕಂಡೆ."

ವ್ಯಾಪಾರಿಗೆ ದಿಕ್ಕು ತಪ್ಪಿತು. ಹೊಸದು ಒಗ್ಗಲಿಲ್ಲ, ಹಳೆಯದು ತನ್ನದಾಗಿ ಉಳಿಯಲಿಲ್ಲ. ಊಟಕ್ಕೆ ಕೂತರೂ ಅವನ ಪಾದ ನೆಲವನ್ನು ಒತ್ತಿ ನೋಡುತ್ತಿತ್ತು. ಒಮ್ಮೆ ಎಡ, ಒಮ್ಮೆ ಬಲ. ಕಾಲುಗಳು ತನ್ನವೋ, ಬೈಕುಗಳವೋ ಎಂಬುದೇ ಅವನಿಗೆ ತಿಳಿಯದಾಯಿತು.

ಹೆಂಡತಿಯ ಕೈ ಕೂಡಿಕೊಂಡ ಮೇಲೆ ಅವನು ಹೊಸ ಬೈಕನ್ನು ಬಯಲಿಗೆ ಒಯ್ದ. ಹೋಗುವುದು, ನಿಲ್ಲಿಸುವುದು. ಹೋಗುವುದು, ನಿಲ್ಲಿಸುವುದು. ಬೇಸಿಗೆ ಮುಗಿಯುವವರೆಗೂ ಅದೇ ಕೆಲಸ. ಎಡಗಾಲು ಬ್ರೇಕನ್ನು ಮರೆಯಿತು ಎಂದು ಅವನಿಗೆ ನಂಬಿಕೆ ಬಂತು. ಹೆಂಡತಿಯನ್ನು ಕೂರಿಸಿಕೊಂಡು ಮತ್ತೆ ಘಟ್ಟಕ್ಕೆ ಹೊರಟ.

ಈ ಸಲ ತಿರುವಿನ ಆಚೆ ಒಂದು ಲಾರಿ ಕೆಟ್ಟು ನಿಂತಿತ್ತು. ವ್ಯಾಪಾರಿಯ ಎರಡೂ ಕಾಲು ಒಟ್ಟಿಗೇ ಒತ್ತಿದವು. ಬಲಗಾಲಿಗೆ ಬ್ರೇಕು ಸಿಕ್ಕಿತು. ಎಡಗಾಲಿಗೆ ಗೇರು ಸಿಕ್ಕಿತು. ಬೈಕು ಮುಗ್ಗರಿಸಿ, ನರಳಿ, ಎಂಜಿನ್ ಆರಿ, ಲಾರಿಗೆ ಒಂದು ಮೊಳ ಇರುವಾಗ ನಿಂತಿತು. ಹೆಂಡತಿಯ ಹೆಲ್ಮೆಟ್ಟು ಅವನ ಹೆಲ್ಮೆಟ್ಟಿಗೆ ಟಣ್ ಎಂದು ಹೊಡೆಯಿತು.

ವ್ಯಾಪಾರಿ ಇಳಿದು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. "ನೋಡಿದೆಯೇನೇ? ಎಡಗಾಲು ಇನ್ನೂ ಅದೇ ಹಳೆಯ ಬೈಕಿನಲ್ಲಿದೆ. ಇಷ್ಟು ದಿನ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನಾನು ಈ ಬೈಕಿನವನಲ್ಲ. ನಡೆ, ಮನೆಗೆ ಹೋಗೋಣ."

"ಲಾರಿ ಅಲ್ಲಿದೆ, ನಾವು ಇಲ್ಲಿದ್ದೇವೆ" ಎಂದಳು ಹೆಂಡತಿ. ಅವಳು ಸೀಟಿನಿಂದ ಇಳಿದಿರಲಿಲ್ಲ. "ಕಾಲಿನ ಪಂಚಾಯಿತಿ ಆಮೇಲೆ ಮಾಡಿಕೊಳ್ಳಿ. ಸಮುದ್ರ ಇನ್ನೆಷ್ಟು ದೂರ ಹೇಳಿ."

ವ್ಯಾಪಾರಿ ಎದ್ದ. ಇಬ್ಬರೂ ಘಟ್ಟ ಇಳಿದರು. ಸಂಜೆಯ ಹೊತ್ತಿಗೆ ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಅಲೆಯಲ್ಲಿ ನಿಂತಿದ್ದಳು. ಅವನು ದಂಡೆಯಲ್ಲಿ ಕೂತು ಇನ್ನೂ ತನ್ನ ಪಾದಗಳನ್ನೇ ನೋಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಮಲ್ಲಾಜಮ್ಮನಿಗೆ ಸಮಾಧಾನವಾಗಲಿಲ್ಲ. ಕತೆ ತನ್ನ ಕಡೆಗಿದೆಯೋ, ತನಗೆ ಎದುರಾಗಿದೆಯೋ ಅವಳಿಗೆ ತಿಳಿಯಲಿಲ್ಲ. ಹಳೆಯದು ಹೋಗಿದ್ದರೆ ಇರಬಹುದಿತ್ತು. ಹೊಸದು ಬರದೇ ಇದ್ದರೆ ಹೊರಡಬಹುದಿತ್ತು. ಎರಡೂ ಒಟ್ಟಿಗೆ ಒತ್ತಿದರೆ ಏನು ಮಾಡಬೇಕು? ಅವಳು ಗಂಟಿನ ಮೇಲೆ ಕೈ ಇಟ್ಟು, ಮೊಂಡುತನದಿಂದಲೇ ಕೇಳಿದಳು.

"ಅವನು ಬದುಕಿದ, ಅದು ಸರಿ. ಆದರೆ ಆ ಎಡಗಾಲು ಕೊನೆಗೂ ಯಾವ ಬೈಕಿನದು, ಗುರುಗಳೇ? ಅದನ್ನು ಹೇಳದೆ ಕತೆ ಮುಗಿಸಬೇಡಿ."

ಹೊರಗೆ ಕರು ಕೂಗಿತು. ಗುರುಗಳು ಆ ಕಡೆ ಒಮ್ಮೆ ನೋಡಿ, ಅವಳ ಕಡೆ ತಿರುಗಿದರು.

"ನಿನ್ನೆ ಅದನ್ನು ತಬ್ಬಿ ಎಳೆದೆಯಲ್ಲ ಮಲ್ಲಾಜಮ್ಮ, ಆ ಕೈಗಳನ್ನು ಯಾವ ಮಠದಿಂದ ತಂದಿದ್ದೆ?"